‘ಲಾಭ ಹಂಚಿಕೆ’ ಬದಲು ‘ಆಯ’ ಅನ್ನಬಹುದೇ?

ಗೆಳೆಯರೇ,

ಖಾನಾಪುರ ತಾಲ್ಲೂಕಿನ ಪಂಚಾಯಿತಿಯೊಂದರ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕರಪತ್ರ ಬರೆದುಕೊಡುತ್ತಿದ್ದೇನೆ. ಕಾಡಿನ ಗಿಡಮೂಲಿಕೆಯನ್ನೂ ಅದರ ಬಗ್ಗೆ ಊರವರಿಗಿರುವ ತಿಳಿವಳಿಕೆಯನ್ನೂ ಕಂಪನಿ ಬಳಸಿಕೊಂಡರೆ ಊರಿಗೆ ಏನು ಸಲ್ಲಬೇಕು ಅನ್ನುವುದು ವಿಷಯ. ನಾನು ಓದಿದ ಬರಹಗಳಲ್ಲೆಲ್ಲ ಇದನ್ನು ‘ನ್ಯಾಯಯುತ ಮತ್ತು ಸಮಾನ ಲಾಭ ಹಂಚಿಕೆ’ ಅಂದಿದ್ದಾರೆ. ನನ್ನ ತಕರಾರು ‘ಲಾಭ’ದ ಮೇಲೆ. (‘ಸಮಾನ’ವೂ ಸರಿಯಿಲ್ಲ, ಅರ್ಧಕ್ಕರ್ಧ ಅಂದ ಹಾಗೆ ಕೇಳುತ್ತದೆ. ಅದು ಇನ್ನೊಮ್ಮೆ.)

ಲಾಭ ಅಂದರೆ ಖರ್ಚು ಕಳೆದು ಉಳಿದದ್ದು. ಕಂಪನಿ ‘ಈ ವರ್ಷ ಲುಕ್ಸಾನು’ ಅಂದರೆ ಮಾತೇ ಮುಗಿಯಿತು, ಅಲ್ವಾ? ಆದರೆ 2002ರ ಜೈವಿಕ ವೈವಿಧ್ಯ ಕಾಯ್ದೆಯ ಮನಸ್ಸಿನಲ್ಲಿರುವುದು ಅದಲ್ಲ. ಆ ಕಾಯ್ದೆಯಡಿ ಬಂದ 2014ರ ಮಾರ್ಗಸೂಚಿಯಲ್ಲಿದ್ದ ಒಂದು ಲೆಕ್ಕ ನೋಡಿ: ಕಾರ್ಖಾನೆಯಿಂದ ಹೊರಬಿದ್ದ ಮಾಲಿನ ವರ್ಷದ ಮಾರಾಟದ ಮೇಲೆ ಶೇ 0.1ರಿಂದ 0.5. ಕಂಪನಿಗೆ ಉಳಿಯಲಿ ಬಿಡಲಿ, ಕೊಡಬೇಕು. ರೊಕ್ಕವೇ ಆಗಬೇಕೆಂದೂ ಇಲ್ಲ. ಪೇಟೆಂಟಿನಲ್ಲಿ ಜಂಟಿ ಒಡೆತನ, ತಂತ್ರಜ್ಞಾನ ಕೊಡುವುದು, ತಯಾರಿಕೆ ಘಟಕವನ್ನು ಊರವರ ಸೀಮೆಯಲ್ಲೇ ಹಾಕುವುದು, ಎಲ್ಲವೂ ಕಾಯ್ದೆಯಲ್ಲಿವೆ. ಕೇರಳದ ಕಾಣಿ ಬುಡಕಟ್ಟಿನ ಜನರದೂ ಹೀಗೇ. ಅವರು ತೋರಿಸಿಕೊಟ್ಟ ಆರೋಗ್ಯಪಚ್ಚ ಅನ್ನುವ ಗಿಡದಿಂದ ‘ಜೀವನಿ’ ಔಷಧ ಬಂತು. 1995ರಲ್ಲಿ ಅದರ ತಯಾರಿಕೆಗೆ ಕಂಪನಿಯೊಂದಕ್ಕೆ ಲೈಸೆನ್ಸು ಕೊಟ್ಟಾಗ 10 ಲಕ್ಷ ರೂಪಾಯಿ ಶುಲ್ಕ, ಮಾರಾಟದ ಮೇಲೆ ಶೇ 2 ರಾಯಧನ ಅಂತ ಗೊತ್ತಾಯಿತು. ಅದರಲ್ಲಿ ಅರ್ಧ ಕಾಣಿಗಳಿಗೆ. ಇಲ್ಲೆಲ್ಲೂ ಲಾಭದ ಲೆಕ್ಕವೇ ಇಲ್ಲ.

ಅದಕ್ಕೇ ನನಗೆ ‘ಆಯ’ ಹೊಳೆಯಿತು. ಸುಗ್ಗಿಯಲ್ಲಿ ಕಣದಲ್ಲೇ ಬಡಿಗರಿಗೆ, ಕಂಬಾರರಿಗೆ ರಾಶಿಯಿಂದ ಅಳೆದು ಕೊಡುತ್ತಿದ್ದರಲ್ಲ, ಆ ಆಯ. ಕಾಳು ಪೇಟೆಗೆ ಹೋಗಿ ರೈತನಿಗೆ ಎಷ್ಟು ಉಳಿಯಿತು ಅಂತ ಕಾಯುವ ಮಾತಿರಲಿಲ್ಲ. ರಾಶಿ ಬಿತ್ತೆಂದರೆ ಆಯ ಸಂದಿತು. ಕಾಯ್ದೆಯ ಲೆಕ್ಕಕ್ಕೆ ಇಷ್ಟು ಹತ್ತಿರದ ಪದ ಬೇರೆ ಕಾಣಲಿಲ್ಲ.

ಆದರೆ ಅನುಮಾನವೂ ಇದೆ. ಓದಿದವರಿಗೆ ಆಯ ಅಂದಕೂಡಲೇ ಆಯವ್ಯಯ ನೆನಪಾಗುತ್ತದೆ. ಅದು ದೊಡ್ಡದಲ್ಲ. ಆಯಕ್ಕೆ ಜಾತಿಯ ನೆರಳಿದೆ, ಅದು ದೊಡ್ಡದು. ಕೊಡುವವನು ಗೌಡ, ಒಯ್ಯುವವನು ಕಣದ ಅಂಚಿನಲ್ಲಿ ನಿಂತವನು. ಹಕ್ಕಿನ ಮಾತಿಗೆ ಅಂಥ ಪದ ಬೇಕಾ?

ಉಳಿದದ್ದು ‘ಹಿಸ್ಸೆ’, ‘ಪಾಲು’. ಹಿಸ್ಸೆ ಅಂದರೆ ಅಣ್ಣತಮ್ಮಂದಿರ ಹೊಲದ ಜಗಳವೇ ಕಣ್ಣಿಗೆ ಬರುತ್ತದೆ, ಬಿಡಿ. ‘ಪಾಲು’ ಚೆನ್ನಾಗಿದೆ ಅಂದುಕೊಂಡು ಇಲ್ಲಿನ ಹಿರಿಯ ನಾಟಿ ವೈದ್ಯರೊಬ್ಬರನ್ನು ಕೇಳಿದೆ. ಅವರು ಒಪ್ಪಲಿಲ್ಲ. ‘ಪಾಲು ಅಂದ್ರ ಒಡೆತನ ಬಂತಲ್ರೀ. ಔಷಧಕ್ಕ ಒಡೆಯ ಯಾರು? ರೊಕ್ಕ ತಗೊಂಡ್ರ ಅದು ನಾಟೂದಿಲ್ಲ’ ಅಂದರು. ಎಲೆ-ಅಡಿಕೆ, ತೆಂಗಿನಕಾಯಿ ಮಾತ್ರ ತಗೊಳ್ತಾರಂತೆ. ಅದಕ್ಕೇನು ಹೆಸರು ಅಂದರೆ ‘ಹೆಸರೇನ್ರೀ, ಎಲಿ-ಅಡಿಕಿ ಅಷ್ಟ’ ಅಂದರು.

ಸದ್ಯಕ್ಕೆ ಕರಡಿನಲ್ಲಿ ‘ಊರಿನ ಪಾಲು’ ಅಂತ ಬರೆದಿದ್ದೇನೆ. ಒಬ್ಬರ ಒಡೆತನ ಅನ್ನಿಸದಿರಲಿ ಅಂತ ‘ಊರಿನ’ ಸೇರಿಸಿದೆ.

ಬಾಗಲಕೋಟೆ, ವಿಜಯಪುರದ ಕಡೆಯವರು ಎರಡು ವಿಷಯ ತಿಳಿಸಿ. ಹುನಗುಂದ, ಸಿಂದಗಿ, ಇಂಡಿ ಭಾಗದಲ್ಲಿ ‘ಆಯ’ ಇನ್ನೂ ಬಾಯಲ್ಲಿದೆಯೇ, ಇದ್ದರೆ ಅದನ್ನು ಕೇಳಿದಾಗ ಆಯಗಾರರ ಮನೆಯವರಿಗೆ ಹೇಗನ್ನಿಸುತ್ತದೆ? ಗಾವಟಿ ಔಷಧ ಕೊಡುವವರಿಗೆ ಸಲ್ಲಿಸುವುದಕ್ಕೆ ನಿಮ್ಮಲ್ಲಿ ಬೇರೆ ಹೆಸರೇನಾದರೂ ಇದೆಯೇ? ಮುಂದಿನ ಗ್ರಾಮಸಭೆಯೊಳಗೆ ಅಚ್ಚಿಗೆ ಕೊಡಬೇಕು.