ಸಮ್ಮರ್ ಲೀಗ್‌ನ ನಾಲ್ಕೈದು ಪಂದ್ಯ ನೋಡಿ ಹುಡುಗರನ್ನ ಅಳೆಯೋದು ಹೇಗೆ?

ಬೇಸ್‌ಲೈನ್ (ಪ್ರಶ್ನೆ)

ಪ್ರತಿ ಜುಲೈ ಲಾಸ್ ವೇಗಸ್ ಸಮ್ಮರ್ ಲೀಗ್ (ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಹೊಸ ಹುಡುಗರು ಆಡೋ ಬೇಸಿಗೆ ಪಂದ್ಯಾವಳಿ) ಶುರುವಾದರೆ ಇದೇ ಗೊಂದಲ. 2025ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸಬರನ್ನ ಆರಿಸುವಾಗ, ಮೊದಲು ಆಯ್ಕೆಯಾದ ಕೂಪರ್ ಫ್ಲಾಗ್‌ನ್ನೇ ತಗೊಳ್ಳಿ. ಲೇಕರ್ಸ್ ವಿರುದ್ಧದ ಮೊದಲ ಪಂದ್ಯದಲ್ಲಿ 21 ಶಾಟ್‌ಗೆ 5 ಹಾಕಿ 10 ಪಾಯಿಂಟ್. ಎರಡು ದಿನ ಬಿಟ್ಟು ಸ್ಪರ್ಸ್ ವಿರುದ್ಧ 31. ಅಷ್ಟಕ್ಕೇ ಅವನ ತಂಡ ಡಲ್ಲಾಸ್ ಮುಂದಿನ ಪಂದ್ಯಗಳಲ್ಲಿ ಆಡಿಸದೆ ಅವನನ್ನ ಕೂರಿಸಿಬಿಟ್ಟಿತು. ಇದರಲ್ಲಿ ಯಾವುದನ್ನ ನಂಬೋದು? ಯಾವ ಅಂಕಿಗೆ ಬೆಲೆ ಕೊಡಬೇಕು, ಯಾವುದನ್ನ ಬಿಡಬೇಕು, ಪಂದ್ಯ ನೋಡುವಾಗ ಕಣ್ಣು ಎಲ್ಲಿಡಬೇಕು? "ಎಲ್ಲಾನೂ ನೋಡಿ" ಅನ್ನೋ ಉತ್ತರ ದಯವಿಟ್ಟು ಬೇಡ.

ಅರ್ಧಕೋರ್ಟ್

ಎರಡನ್ನೂ ನಂಬಬೇಡಿ. ಅಂದರೆ, ಶಾಟ್ ಬಿತ್ತೋ ಇಲ್ಲವೋ ಅನ್ನೋದನ್ನ ನಂಬಬೇಡಿ. 2023ರಲ್ಲಿ ಡ್ರಾಫ್ಟ್‌ನ ಮೊದಲ ಆಯ್ಕೆ ವೆಂಬನ್ಯಾಮ ಮೊದಲ ಪಂದ್ಯದಲ್ಲಿ 13ಕ್ಕೆ 2 ಹಾಕಿದ, ಮುಂದಿನದರಲ್ಲಿ 27 ಪಾಯಿಂಟ್, 12 ರಿಬೌಂಡ್. ಆದರೆ ಆ "ಕೆಟ್ಟ" ಪಂದ್ಯದಲ್ಲೂ 5 ಬ್ಲಾಕ್ (ಎದುರಾಳಿಯ ಶಾಟನ್ನ ತಡೆದು ಹಾಕೋದು) ಇದ್ದವು. ಬಂದ ಸೀಸನ್‌ನಲ್ಲಿ ಬ್ಲಾಕ್‌ನಲ್ಲಿ ಇಡೀ ಲೀಗ್‌ಗೇ ಮೊದಲಿಗ ಅವನೇ. ಸುಳಿವು ಅಲ್ಲಿತ್ತು, ಎಲ್ಲರೂ ಶಾಟ್ ಎಣಿಸುತ್ತ ಕೂತಿದ್ದರು.

ಲೆಕ್ಕ ಹಾಕಿ ನೋಡಿ. ಒಬ್ಬನ ನಿಜವಾದ ತ್ರೀ ಪಾಯಿಂಟ್ (ದೂರದ ಗೆರೆಯಾಚೆಯಿಂದ ಹೊಡೆಯೋ ಶಾಟ್) ಮಟ್ಟ ಶೇ 35 ಅಂದುಕೊಳ್ಳೋಣ. ಐದು ಪಂದ್ಯಕ್ಕೆ 25 ತ್ರೀ ಹೊಡೆಯುತ್ತಾನೆ. 0.35ನ್ನ 0.65ರಿಂದ ಗುಣಿಸಿ, 25ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಸುಮಾರು 0.095, ಅಂದರೆ ಶೇ 9.5. ಅದರ ಎರಡರಷ್ಟು ಆಚೀಚೆ ಬಿಡಿ: ಶೇ 16ರಿಂದ 54ರೊಳಗೆ ಏನು ಬಂದರೂ ಅದು ಬರೀ ಅದೃಷ್ಟ ಆಗಿರಬಹುದು. 25ಕ್ಕೆ 4 ಹಾಕಿದವನೂ 13 ಹಾಕಿದವನೂ ಒಂದೇ ಮಟ್ಟದ ಶೂಟರ್ ಇರಬಹುದು.

ಹಾಗಾಗಿ ಸಮ್ಮರ್ ಲೀಗ್ ಶೂಟಿಂಗನ್ನ ಬಿಡಿಯಾಗಿ ಓದದೆ ಹಳೇ ಲೆಕ್ಕಕ್ಕೆ ಸೇರಿಸಿ. ಕಾಲೇಜಲ್ಲಿ 200ಕ್ಕೆ 66 (ಶೇ 33), ಇಲ್ಲಿ 25ಕ್ಕೆ 12 (ಶೇ 48) ಅಂತಿಟ್ಟುಕೊಳ್ಳಿ. ಕೂಡಿಸಿದರೆ 225ಕ್ಕೆ 78, ಶೇ 34.7. ನಿಮ್ಮ ಅಭಿಪ್ರಾಯ ಬದಲಾಗಬೇಕಾದ್ದು ಒಂದೂವರೆ ಅಂಶದಷ್ಟೇ, ಹದಿನೈದಲ್ಲ. ಜೊತೆಗೆ ಕಾಲೇಜಿನ ಫ್ರೀ ಥ್ರೋ (ಫೌಲ್ ಆದಾಗ ಸಿಗೋ ಉಚಿತ ಶಾಟ್) ಶೇಕಡಾ ನೋಡಿ. ಕೈಯ ಹದ ಗೊತ್ತಾಗೋದು ಅಲ್ಲಿ, ಯಾಕಂದರೆ ದೂರ ಒಂದೇ, ಎದುರು ಯಾರೂ ಇರಲ್ಲ.

ಇನ್ನೊಂದು, ಗೆರೆಯ ದೂರ. ಕಾಲೇಜಿನ ತ್ರೀ ಗೆರೆ 22 ಅಡಿ 1¾ ಇಂಚು. ಎನ್‌ಬಿಎಯಲ್ಲಿ ಕಾರ್ನರ್‌ನಲ್ಲಿ 22 ಅಡಿ, ಮೇಲ್ಗಡೆ 23 ಅಡಿ 9 ಇಂಚು. ಅಂದರೆ ಕಾರ್ನರ್‌ನಲ್ಲಿ ಹೊಸದೇನೂ ಇಲ್ಲ, ಪರೀಕ್ಷೆ ಇರೋದು ಮೇಲ್ಗಡೆ. ಅಲ್ಲಿಂದ ಹೊಡೆಯುವಾಗ ಮೊದಲಿನದೇ ಆ್ಯಕ್ಷನ್ ಇದೆಯಾ, ಇಲ್ಲ ಚೆಂಡನ್ನ ಎದೆ ಮಟ್ಟಕ್ಕೆ ಇಳಿಸಿ ತಳ್ಳುತ್ತಿದ್ದಾನಾ ನೋಡಿ. ಮೂರನೇ ಕ್ವಾರ್ಟರ್ ಹೊತ್ತಿಗೆ ಶಾಟ್‌ಗಳೆಲ್ಲ ರಿಂಗ್‌ನ ಮುಂದಿನ ಅಂಚಿಗೆ ಬಡಿಯುತ್ತಿದ್ದರೆ ಕಾಲಿನ ಬಲ ಸಾಲುತ್ತಿಲ್ಲ. ಅದು ಸರಿಹೋಗುವ ಸಮಸ್ಯೆ.

ನಂಬಬಹುದಾದ್ದು ಎಷ್ಟು ಹಾಕಿದ ಅನ್ನೋದಲ್ಲ, ಎಂಥ ಶಾಟ್ ಎಷ್ಟು ಸಲ ಗಿಟ್ಟಿಸಿಕೊಂಡ ಅನ್ನೋದು. ಸ್ಕ್ರೀನ್ (ಜೊತೆಯವನು ಡಿಫೆಂಡರ್‌ಗೆ ಅಡ್ಡ ನಿಲ್ಲೋದು) ಇಲ್ಲದೆ ತನ್ನನ್ನ ಕಾಯೋ ಡಿಫೆಂಡರ್‌ನ್ನ ದಾಟಿ ರಿಂಗ್ ತನಕ ಎಷ್ಟು ಸಲ ಹೋದ? ಎಷ್ಟು ಫ್ರೀ ಥ್ರೋ ಗಳಿಸಿದ? ಓಡುತ್ತ ಬಂದು ನಿಂತು ಎಷ್ಟು ತ್ರೀ ಎತ್ತಿದ? ಇಲ್ಲಿ ಪಂದ್ಯ 40 ನಿಮಿಷದ್ದು, 10 ನಿಮಿಷದ ನಾಲ್ಕು ಕ್ವಾರ್ಟರ್. 48 ನಿಮಿಷದ ಅಂಕಿ ಜೊತೆ ಹೋಲಿಸೋ ಮೊದಲು ಅವನು ಆಡಿದ ನಿಮಿಷಕ್ಕೆ ಲೆಕ್ಕ ಹಾಕಿ.

ಹಳೇ ಲೆಕ್ಕಕ್ಕೆ ಸೇರಿಸಿ ಓದಬೇಕು ಅನ್ನೋದಕ್ಕೆ 2012ಕ್ಕಿಂತ ಒಳ್ಳೇ ಉದಾಹರಣೆ ಇಲ್ಲ. ಆ ವರ್ಷ ಲಾಸ್ ವೇಗಸ್‌ನ ಎಂವಿಪಿ (ಅತ್ಯುತ್ತಮ ಆಟಗಾರ) ಪ್ರಶಸ್ತಿ ಹಂಚಿಕೊಂಡವರು ಡೇಮಿಯನ್ ಲಿಲ್ಲಾರ್ಡ್ ಮತ್ತು ಜಾಶ್ ಸೆಲ್ಬಿ. ಸೆಲ್ಬಿ 42 ತ್ರೀಗೆ 27 ಹಾಕಿದ್ದ. ಕಾಲೇಜಲ್ಲೂ ಎನ್‌ಬಿಎ ಮೊದಲ ವರ್ಷದಲ್ಲೂ ಅವನ ಶೂಟಿಂಗ್ ಅಷ್ಟಕ್ಕಷ್ಟೇ ಇತ್ತು. ಲಿಲ್ಲಾರ್ಡ್ ತನ್ನ ಕಾಲೇಜು ವೆಬರ್ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಹಾಕಿ ತೋರಿಸಿದ್ದನ್ನೇ ಇಲ್ಲೂ ಮಾಡಿದ. ಒಬ್ಬ ಎನ್‌ಬಿಎಯ 75ನೇ ವರ್ಷದ ತಂಡದಲ್ಲಿ (ಸಾರ್ವಕಾಲಿಕ ಶ್ರೇಷ್ಠರ ಪಟ್ಟಿ) ಹೆಸರು ಪಡೆದ, ಇನ್ನೊಬ್ಬ 2013ರ ನಂತರ ಎನ್‌ಬಿಎ ಪಂದ್ಯ ಆಡಲಿಲ್ಲ.

ವೀಕ್‌ಸೈಡ್

ಅರ್ಧಕೋರ್ಟ್ ಹೇಳಿದ್ದು ಸರಿ, ಆದರೆ ಪೂರ್ತಿ ಚೆಂಡಿನ ಹಿಂದೆ ಹೋಗಿಬಿಟ್ಟಿರಿ. ಹುಡುಗರು ಬೆಂಚಿನಲ್ಲೇ ಕೊಳೆಯೋದಕ್ಕೆ ಮುಖ್ಯ ಕಾರಣ ಡಿಫೆನ್ಸ್. ಬಾಕ್ಸ್ ಸ್ಕೋರ್ (ಪಂದ್ಯದ ಅಂಕಿಪಟ್ಟಿ) ಅದನ್ನ ಹೇಳಲ್ಲ.

ರೀಪ್ಲೇ ಇದ್ದರೆ ಒಬ್ಬನನ್ನೇ ಹಿಡಿದು 20 ಡಿಫೆನ್ಸ್ ಪೊಸೆಷನ್ (ಎದುರಾಳಿ ಕೈಲಿ ಚೆಂಡಿರೋ ಸರದಿ) ನೋಡಿ, ಚೆಂಡು ಎಲ್ಲೇ ಇರಲಿ. ಗಾರ್ಡ್ ಆದರೆ ಮೊದಲು ಸ್ಕ್ರೀನ್. ಸ್ಕ್ರೀನ್ ಬರೋ ಮುಂಚೆ ಚೆಂಡಿನವನಿಗೆ ಅಂಟಿಕೊಂಡು, ಭುಜ ತಿರುಗಿಸಿ, ಸಂದಿನಲ್ಲಿ ಕಾಲು ತೂರಿಸುತ್ತಾನಾ? ಇಲ್ಲ ಸ್ಕ್ರೀನ್‌ಗೆ ಎದೆಕೊಟ್ಟು ಅಲ್ಲೇ ಸಾಯುತ್ತಾನಾ? ದಾಟಿದ ಮೇಲೆ ಎರಡು ಮೂರು ಹೆಜ್ಜೆಯಲ್ಲಿ ಹಿಂದಿನಿಂದ ಬಂದು ಮತ್ತೆ ಮೈಗೆ ಮೈ ತಾಗಿಸಬೇಕು. ಇದು ಆಗದಿದ್ದರೆ ಅವನ ಹಿಂದಿರುವ ಬಿಗ್ (ರಿಂಗ್ ಹತ್ತಿರ ಆಡೋ ಎತ್ತರದ ಆಟಗಾರ) ಒಬ್ಬನೇ ಇಬ್ಬರನ್ನ ನೋಡಿಕೊಳ್ಳಬೇಕಾಗುತ್ತೆ.

ಫಾರ್ವರ್ಡ್ ಅಥವಾ ಬಿಗ್ ಆದರೆ, ಚೆಂಡು ಆ ಬದಿಯಲ್ಲಿದ್ದಾಗ ಈ ಬದಿಯಲ್ಲಿ ಅವನ ಪಾದ ಎಲ್ಲಿದೆ ನೋಡಿ. ಎದುರಾಳಿ ಚೆಂಡು ಹಿಡಿದು ರಿಂಗ್ ಕಡೆ ನುಗ್ಗಿದಾಗ ಅವನು ಪೇಂಟ್‌ನ (ರಿಂಗ್ ಮುಂದಿನ ಬಣ್ಣದ ಚೌಕ) ನಡುವೆ ಇರಬೇಕು. ಎನ್‌ಬಿಎಯಲ್ಲಿ ಡಿಫೆನ್ಸಿವ್ ತ್ರೀ ಸೆಕೆಂಡ್ಸ್ ನಿಯಮ ಇದೆ (ಯಾರನ್ನೂ ಕಾಯದೆ ಪೇಂಟ್‌ನಲ್ಲಿ ಮೂರು ಸೆಕೆಂಡ್‌ಗಿಂತ ಹೆಚ್ಚು ನಿಲ್ಲೋ ಹಾಗಿಲ್ಲ), ಕಾಲೇಜಲ್ಲಿ ಇಲ್ಲ. ಕಾಲೇಜಲ್ಲಿ ಗೂಟ ಹೊಡೆದ ಹಾಗೆ ರಿಂಗ್ ಕೆಳಗೇ ನಿಂತು ಬ್ಲಾಕ್ ಮಾಡಿದವನು ಇಲ್ಲಿ ಒಳಗೆ ಬಂದು, ಹೊರಗೆ ಕಾಲಿಟ್ಟು, ಮತ್ತೆ ಒಳಗೆ ಬರೋದು ಕಲಿಯಬೇಕು. ಆ ತಾಳ ಸಿಕ್ಕಿದೆಯೋ ಇಲ್ಲವೋ ಎರಡನೇ ಪಂದ್ಯಕ್ಕೇ ಕಾಣುತ್ತೆ.

ಒಂದು ಎಚ್ಚರ: ಸಮ್ಮರ್ ಲೀಗ್‌ನಲ್ಲಿ ತಪ್ಪಿಗೆ ಶಿಕ್ಷೆ ಕಮ್ಮಿ. ಹುಡುಗ ಹೆಲ್ಪ್‌ಗೆ (ಜೊತೆಯವನನ್ನ ದಾಟಿ ಬಂದವನನ್ನ ತಡೆಯೋಕೆ) ತಡವಾಗಿ ಬಂದ, ಆದರೆ ಎದುರಿನ ಗಾರ್ಡ್‌ಗೆ ಆ ಪಾಸ್ ಕಾಣಲೇ ಇಲ್ಲ, ಅಥವಾ ಓಪನ್ ತ್ರೀ ಬೀಳಲಿಲ್ಲ. ಸ್ಕೋರ್ ನೋಡಿದರೆ ಒಳ್ಳೇ ಡಿಫೆನ್ಸ್. ನೀವು ತಪ್ಪನ್ನೇ ಎಣಿಸಿ, ಫಲಿತಾಂಶ ಬಿಡಿ.

ಆರನೇಫೌಲ್

ಫೌಲ್ ಸಂಖ್ಯೆ ನೋಡಿ ಬಿಗ್‌ಗಳನ್ನ ಬೈಯುವವರಿಗೆ: ಇಲ್ಲಿ ಹೊರಹೋಗೋದು 10ನೇ ಫೌಲ್‌ಗೆ, ಎನ್‌ಬಿಎ ಸೀಸನ್ ಹಾಗೆ 6ಕ್ಕಲ್ಲ. ಕೋಚ್‌ಗಳೂ "ಕೈ ಹಾಕು, ಪರವಾಗಿಲ್ಲ" ಅಂತ ಬಿಡ್ತಾರೆ. 7 ಫೌಲ್ ಅಂದ ಕೂಡಲೇ ಗಾಬರಿ ಬೇಡ. ಜಿಗಿದದ್ದು ಪಂಪ್ ಫೇಕ್‌ಗಾ (ಶಾಟ್ ಹೊಡೆಯೋ ನಟನೆಗೆ ಮೋಸಹೋಗಿ), ಇಲ್ಲ ನೇರ ಮೇಲಕ್ಕೆ ಹೋಗಿ ತಾಗಿದ್ದಾ, ಅಷ್ಟು ನೋಡಿ. ಮೊದಲನೆಯದೇ ನಾಲ್ಕು ಸಲ ಆದರೆ ಚಿಂತೆ.

ಬೇಸ್‌ಲೈನ್

ತುಂಬ ಥ್ಯಾಂಕ್ಸ್. ಟರ್ನೋವರ್ (ಚೆಂಡನ್ನ ಎದುರಾಳಿಗೆ ಕಳಕೊಳ್ಳೋದು) ಬಗ್ಗೆ ಯಾರೂ ಹೇಳಲಿಲ್ಲ? ಒಂದೇ ಪಂದ್ಯದಲ್ಲಿ 6-7 ಕಳಕೊಳ್ಳೋ ಪಾಯಿಂಟ್ ಗಾರ್ಡ್‌ಗಳನ್ನ ಹೇಗೆ ನೋಡೋದು? ವಯಸ್ಸಿನ ಲೆಕ್ಕ ಹೇಗೆ?

ಮೂರನೇಪಾಸ್

ಟರ್ನೋವರ್‌ನ್ನ ಮೂರು ರಾಶಿ ಮಾಡಿ. ಒಂದು, ಪಾಸ್ ಸರಿಯಾದ ಜಾಗಕ್ಕೇ ಹೋಗಿದೆ, ಜೊತೆಯವನು ಅಲ್ಲಿರಲಿಲ್ಲ. ಈ ತಂಡಗಳು ಸೇರಿ ಅಭ್ಯಾಸ ಮಾಡಿರೋದು ಕೆಲವೇ ದಿನ, ಇದನ್ನ ಕ್ಷಮಿಸಿಬಿಡಿ. ಎರಡು, ಸರಿಯಾದ ಪಾಸೇ, ಆದರೆ ಅರ್ಧ ಸೆಕೆಂಡ್ ತಡ. ಇದು ವೇಗಕ್ಕೆ ಒಗ್ಗಿಕೊಳ್ಳೋ ಪ್ರಶ್ನೆ. 19ರ ಹುಡುಗನಿಗೆ ಪರವಾಗಿಲ್ಲ, 23ರವನಿಗೆ ಮೈನಸ್. ಮೂರು, ಡ್ರಿಬಲ್ ಮಾಡುತ್ತಿರೋ ಕೈಯಿಂದಲೇ ಚೆಂಡು ಕಿತ್ತುಕೊಂಡು ಹೋಗೋದು. ಇದೇ ಕೆಂಪು ದೀಪ. ಈ ಮಟ್ಟದ ಡಿಫೆಂಡರ್‌ಗಳೇ ಕಿತ್ತುಕೊಂಡರೆ, ಸೀಸನ್ ಶುರುವಾಗೋ ಅಕ್ಟೋಬರ್‌ನಲ್ಲಿ ಅವನಿಗೆ ಚೆಂಡು ದಾಟಿಸೋದೇ ಕಷ್ಟ. ಏಳರಲ್ಲಿ ಐದು ಮೊದಲ ರಾಶಿಯವಾದರೆ ನಾನು ಆ ಗಾರ್ಡ್‌ನ್ನ ಖುಷಿಯಿಂದ ತಗೋತೀನಿ. ಅಸಿಸ್ಟ್‌ಗೂ (ಶಾಟ್ ಬೀಳೋ ಹಾಗೆ ಕೊಟ್ಟ ಪಾಸ್) ಇದೇ ನ್ಯಾಯ: ಜೊತೆಯವರು ಓಪನ್ ಶಾಟ್ ತಪ್ಪಿಸಿದ್ದನ್ನೂ ಅವನ ಖಾತೆಗೆ ಹಾಕಿ ಎಣಿಸಿ.

ವಯಸ್ಸಿಗೆ ಬಂದರೆ, ಫ್ಲಾಗ್ ಆ 31 ಹೊಡೆದಾಗ ಅವನಿಗೆ 18, ಡಿಸೆಂಬರ್‌ನಲ್ಲಿ 19. ಅದೇ 31ನ್ನ ಎರಡನೇ ವರ್ಷ ಸಮ್ಮರ್ ಲೀಗ್‌ಗೆ ಬಂದ 23ರವನು ಹೊಡೆದರೆ ಸುದ್ದಿಯೇ ಅಲ್ಲ, ಹೊಡೆಯದಿದ್ದರೆ ಸುದ್ದಿ. ಎರಡನೇ ವರ್ಷದವರು ಇಲ್ಲಿ ಸುಲಭವಾಗಿ ಆಡೋ ಹಾಗೆ ಕಾಣಬೇಕು, ಅದು ಕನಿಷ್ಠ ಅರ್ಹತೆ.

ಪಾತ್ರವನ್ನೂ ಮರೀಬೇಡಿ. ಡ್ರಾಫ್ಟ್ ಆಗದೆ ಟೂ-ವೇ ಕಾಂಟ್ರ್ಯಾಕ್ಟ್‌ಗೆ (ಎನ್‌ಬಿಎ ಮತ್ತು ಅದರ ಕೆಳಗಿನ ಲೀಗ್ ಎರಡರಲ್ಲೂ ಆಡೋ ಒಪ್ಪಂದ) ಆಡುತ್ತಿರೋ ಹುಡುಗನಿಗೆ ಎನ್‌ಬಿಎ ಯಾವತ್ತೂ 20 ಶಾಟ್ ಕೊಡಲ್ಲ. ತಂಡಕ್ಕೆ ಅಂಥ ಮೂರೇ ಜಾಗ, ಒಬ್ಬ ಸೀಸನ್‌ನಲ್ಲಿ ಹೆಚ್ಚೆಂದರೆ 50 ಪಂದ್ಯಕ್ಕೆ ಲಭ್ಯ. ಅವನಿಂದ ಬೇಕಾದ್ದು ಕಾರ್ನರ್ ತ್ರೀ, ಕ್ಲೋಸ್‌ಔಟ್ (ಶೂಟರ್ ಕಡೆ ಓಡಿ ಬಂದು ತಡೆಯೋದು), ತಾನು ಕಾಯೋ ಎದುರಾಳಿಯನ್ನ ಬಾಕ್ಸ್‌ಔಟ್ ಮಾಡೋದು (ರಿಬೌಂಡ್ ಸಿಗದ ಹಾಗೆ ಮೈಯಿಂದ ತಡೆಯೋದು). ಅವನು 25 ಪಾಯಿಂಟ್ ಹೊಡೆದ ರಾತ್ರಿಗಿಂತ 8 ಪಾಯಿಂಟ್ ಹೊಡೆದು ಡಿಫೆನ್ಸ್‌ನಲ್ಲಿ ಒಂದೂ ಹೆಲ್ಪ್ ತಪ್ಪಿಸದ ರಾತ್ರಿಯ ವಿಡಿಯೋ ಹುಡುಕಿ ನೋಡಿ.

ಅರ್ಧಕೋರ್ಟ್

ಮೂರನೇಪಾಸ್ ಅವರ ಮೂರು ರಾಶಿ ಚೆನ್ನಾಗಿದೆ. ಒಂದು ಸೇರಿಸ್ತೀನಿ: ನಾಲ್ಕು, ಐದನೇ ಪಂದ್ಯಕ್ಕೆ ಎಷ್ಟೋ ತಂಡಗಳು ಮುಖ್ಯ ಹುಡುಗರನ್ನ ಕೂರಿಸಿಬಿಡುತ್ತವೆ. ಆಮೇಲೆ ಬರೋ ದೊಡ್ಡ ಅಂಕಿಗಳನ್ನ ಓದುವಾಗ ಎದುರು ಯಾರು ಆಡಿದರು ಅಂತ ಮೊದಲು ನೋಡಿ.