ವಾರ್ಡಿನ ಕೆಲಸದ ಪಟ್ಟಿಗೆ ನಮ್ಮ ಮಾತು ಸೇರಬೇಕಾದರೆ ಯಾವಾಗ ಹೋಗಬೇಕು, ಏನು ಹೇಳಬೇಕು?

ಹುಬ್ಬಳ್ಳಿ, ಗೋಕುಲ ರಸ್ತೆ ಕಡೆಯಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಓಣಿಯಲ್ಲಿ ಸುಮಾರು ಅರವತ್ತು ಮನೆಗಳಿವೆ. ಪ್ರತಿ ಸಲ ಕೆಲಸ ಮುಗಿದ ಮೇಲೆ ನಾವು ತಕರಾರು ತೆಗೆಯುತ್ತೇವೆ. ಕಾಂಕ್ರೀಟ್ ರಸ್ತೆ ಆಗಿ ಎರಡು ತಿಂಗಳಿಗೆ ಪೈಪಿಗಾಗಿ ಅಗೆದರು, ಆಗಲೂ ಹೀಗೇ ಆಯಿತು. ಈ ವರ್ಷ ಮುಂಚೆಯೇ ಹೇಳಬೇಕು ಅಂತ ಎಲ್ಲರೂ ಮನಸ್ಸು ಮಾಡಿದ್ದೇವೆ. ಬಜೆಟ್‌ಗೆ ಮುಂಚಿನ ಸಭೆಗೆ ಹೋಗಬೇಕಾ, ವಾರ್ಡ್ ಸಮಿತಿಗೆ ಅರ್ಜಿ ಹಾಕಬೇಕಾ, ಕಾರ್ಪೊರೇಟರ್ ಮನೆಗೆ ಹೋದರೆ ಸಾಕಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಹುಬ್ಬಳ್ಳಿ, ಉಣಕಲ್ ಕಡೆಯ ಗೃಹಿಣಿ:

ಅಣ್ಣಾವ್ರೆ, ನಮ್ಮ ಓಣಿಯ ಕಥೆ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಆದರೆ ನಿಮಗೆ ಬೇಕಾದ್ದು ಇದರಲ್ಲೇ ಇದೆ.

ನಮ್ಮ ಮನೆ ಇರುವುದು ನಾಲಾದ ಹತ್ತಿರ. ಜೋರು ಮಳೆ ಬಂದರೆ ಗಟಾರದ ನೀರು ಮುಂದೆ ಹೋಗುವ ಬದಲು ಹಿಂದಕ್ಕೆ, ಮನೆ ಬಾಗಿಲಿಗೆ ಬರುತ್ತಿತ್ತು. ಮೂರು ವರ್ಷ ಒಂದೇ ಸಾಲಿನ ಅರ್ಜಿ ಕೊಟ್ಟೆವು: 'ನಮ್ಮ ಓಣಿಗೆ ಹೊಸ ಗಟಾರ ಮಾಡಿಸಿ ಕೊಡಿ.' ಮೂವತ್ತು ಜನರ ಸಹಿ ಬೇರೆ. ಸಿಕ್ಕ ಉತ್ತರ 'ನೋಡೋಣ' ಅಂತ.

ನಾಲ್ಕನೇ ವರ್ಷ ಎದುರು ಮನೆಯ ಪಿಯುಸಿ ಓದುವ ಹುಡುಗಿ ಒಂದು ಮಾತು ಹೇಳಿದಳು. ನೀರು ಎಷ್ಟು ಬರುತ್ತೆ ಅಂತ ನಾವು ಯಾವತ್ತೂ ಹೇಳಿಲ್ಲ ಅಲ್ವಾ ಚಿಗವ್ವಾ, ಅಂದಳು. ಅವತ್ತಿನಿಂದ ಮಳೆ ನಿಂತ ಕೂಡಲೇ ಪ್ರತಿ ಮನೆಯ ಹೊರಗೋಡೆಗೆ ಇದ್ದಿಲಿನಿಂದ ಗೆರೆ ಎಳೆದು, ಪಕ್ಕಕ್ಕೆ ತಾರೀಕು ಬರೆದೆವು. ಮಳೆಗಾಲ ಮುಗಿಯುವ ಹೊತ್ತಿಗೆ ಹನ್ನೊಂದು ಮನೆಗಳ ಗೋಡೆಯ ಮೇಲೆ ಗೆರೆಗಳಿದ್ದವು. ಎಲ್ಲಕ್ಕಿಂತ ಮೇಲಿನದು ಟೇಲರ್ ಮನೆಯದು, ಎರಡು ಅಡಿ ಮೂರು ಇಂಚು. ಅವರ ಹೊಲಿಗೆ ಮಷಿನ್‌ನ ಪೆಡಲ್ ಮುಳುಗುವಷ್ಟು. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಫೋಟೋ ಹಚ್ಚಿ, ದೀಪಾವಳಿ ಆದ ಮೇಲೆ ಜೂನಿಯರ್ ಎಂಜಿನಿಯರ್ ಅವರಿಗೆ ಕೊಟ್ಟು ಬಂದೆವು. ವಾರದೊಳಗೆ ಅವರು ಟೇಪ್ ಹಿಡಿದುಕೊಂಡು ಬಂದರು.

ಗೆರೆಗಳನ್ನು ನೋಡುತ್ತಾ ಓಣಿಯ ತುದಿಯವರೆಗೆ ನಡೆದರು. ಅಲ್ಲಿ ರಸ್ತೆಯ ಕೆಳಗೆ ಗಟಾರ ದಾಟುವ ಜಾಗ ಇದೆ. ಉದ್ದನೆಯ ಬಿದಿರು ಕೋಲು ತರಿಸಿ ಒಳಗೆ ತೂರಿಸಿದರು. ಒಂದೂವರೆ ಮೊಳ ಹೋಗಿ ಕೋಲು ನಿಂತಿತು. ಎರಡು ಅಡಿ ಅಗಲದ ಗಟಾರದ ನೀರು ಅಲ್ಲಿ ಒಂದು ಅಡಿಯ ಪೈಪಿನಲ್ಲಿ ಹೋಗಬೇಕಿತ್ತು, ಅದರಲ್ಲೂ ಅರ್ಧ ಹೂಳು. ಅವರು ಕೋಲು ಕೆಳಗಿಟ್ಟು ಹೇಳಿದರು: "ಅಕ್ಕಾರ, ಇದು ಗಟಾರದ ಕೆಲಸ ಅಲ್ರೀ, ಸಿ.ಡಿ. ಕೆಲಸ. ನೀವು ಗಟಾರ ಅಂತ ಬರದು ಕೊಟ್ರ ನಾವು ಗಟಾರನ ಮಾಡ್ತಿದ್ವಿ. ಆದ್ರ ನೀರು ಹಂಗ ಬರ್ತಿತ್ತು ನೋಡ್ರಿ."

ಸಿ.ಡಿ. ಅಂದರೆ ರಸ್ತೆಯ ಕೆಳಗೆ ನೀರು ದಾಟಿಸುವ ಮೋರಿ. ಮೂರು ವರ್ಷ ನಾವು ಕೇಳಿದ್ದೇ ತಪ್ಪು ಕೆಲಸ! ನಮ್ಮ ತೊಂದರೆ ಏನು ಅಂತ ನಮಗೇ ಚೆನ್ನಾಗಿ ಗೊತ್ತು. ಅದಕ್ಕೆ ಔಷಧ ಯಾವುದು ಅಂತ ಗೊತ್ತಿರಲಿಲ್ಲ. ಅದಕ್ಕೇ ಹೇಳುತ್ತೇನೆ, 'ರಸ್ತೆ ಬೇಕು, ಗಟಾರ ಬೇಕು' ಅಂತ ಬರೆಯಬೇಡಿ. ಎಲ್ಲಿ, ಯಾವಾಗ, ಎಷ್ಟು ತೊಂದರೆ ಆಗುತ್ತೆ ಅಂತ ಅಳತೆ ಹಾಕಿ ಬರೆಯಿರಿ. ಆಮೇಲೆ ಎಂಜಿನಿಯರ್ ಅವರನ್ನು ಜಾಗಕ್ಕೆ ಕರೆಯಿರಿ.

ಕೆಲಸ ಆ ವರ್ಷ ಆಗಲಿಲ್ಲ, ಮುಂದಿನ ವರ್ಷದ ಪಟ್ಟಿಗೆ ಸೇರಿತು. ಈಗ ಎಂಟು ಮನೆಗಳಿಗೆ ನೀರು ಬರುವುದಿಲ್ಲ. ತಗ್ಗಿನಲ್ಲಿರುವ ಮೂರು ಮನೆಗಳಿಗೆ ಇನ್ನೂ ಬರುತ್ತದೆ. ಅವರ ಗೋಡೆಯ ಮೇಲೆ ಈ ವರ್ಷವೂ ಗೆರೆ ಎಳೆದಿದ್ದೇವೆ.

ಧಾರವಾಡದಿಂದ, ನಿವೃತ್ತ ಎಂಜಿನಿಯರ್ ಒಬ್ಬರು:

ತಂಗೆವ್ವ ಬರೆದದ್ದು ಬಹಳ ಸರಿ. ನಾನು ಮೂವತ್ತು ವರ್ಷ ಮೇಜಿನ ಈಚೆ ಕಡೆ ಕೂತವನು. ಒಳಗೆ ಹೇಗೆ ನಡೆಯುತ್ತೆ ಅಂತ ಹೇಳುತ್ತೇನೆ.

ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಶುರು. ಬಜೆಟ್ ಅದಕ್ಕೆ ಮುಂಚೆ ಆಗಬೇಕು. ಸಾರ್ವಜನಿಕರ ಸಲಹೆ ಕೇಳುವ ಸಭೆ ಅದಕ್ಕೂ ಮುಂಚೆ. ಆ ಸಭೆಗೆ ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಬಜೆಟ್‌ನಲ್ಲಿ ನಿಮ್ಮ ಓಣಿಯ ಹೆಸರು ಇರುವುದಿಲ್ಲ. ರಸ್ತೆಗೆ ಇಷ್ಟು, ಚರಂಡಿಗೆ ಇಷ್ಟು, ಬೀದಿದೀಪಕ್ಕೆ ಇಷ್ಟು ಅಂತ ಮೊತ್ತ ಮಾತ್ರ ಇರುತ್ತದೆ. ಓಣಿಯ ಹೆಸರು ಬರುವುದು ಕ್ರಿಯಾ ಯೋಜನೆಯಲ್ಲಿ, ಅಂದರೆ ಆ ವರ್ಷ ಎಲ್ಲೆಲ್ಲಿ ಯಾವ ಕೆಲಸ ಅನ್ನುವ ಪಟ್ಟಿಯಲ್ಲಿ. ಅದಾದ ಮೇಲೆ ಅಂದಾಜು ಪಟ್ಟಿ, ಮಂಜೂರಾತಿ, ಟೆಂಡರ್, ಕಾರ್ಯಾದೇಶ. ಟೆಂಡರ್ ಆದ ಮೇಲೆ ಬಂದು 'ಅಲ್ಲಿ ಬೇಡ, ಇಲ್ಲಿ ಮಾಡಿ' ಅಂದರೆ ಎಂಜಿನಿಯರ್‌ಗೆ ಮನಸ್ಸಿದ್ದರೂ ಕೈ ಕಟ್ಟಿರುತ್ತದೆ. ಹಾಗಾಗಿ ನವೆಂಬರ್‌ನಲ್ಲೇ ವಲಯ ಕಚೇರಿಗೆ ಹೋಗಿ. ಅರ್ಜಿಗೆ ಸ್ವೀಕೃತಿಯ ಸೀಲು, ನಂಬರು ಹಾಕಿಸಿಕೊಳ್ಳಿ. ಸೀಲಿಲ್ಲದ ಅರ್ಜಿಯನ್ನು ಆಮೇಲೆ ಹುಡುಕುವುದು ಕಷ್ಟ.

ನಿಮ್ಮ ರಸ್ತೆ ಅಗೆದ ವಿಷಯ. ನೀರು, ಒಳಚರಂಡಿ, ಕೇಬಲ್ ಎಲ್ಲಕ್ಕೂ ಬೇರೆ ಬೇರೆ ಕಚೇರಿ. ಒಬ್ಬರ ಪಟ್ಟಿ ಇನ್ನೊಬ್ಬರ ಮೇಜಿಗೆ ಬರದೇ ಇದ್ದಾಗ ಹೀಗೆ ಆಗುತ್ತದೆ. ರಸ್ತೆಯ ಅರ್ಜಿಯಲ್ಲೇ 'ಪೈಪ್ ಕೆಲಸ ಮುಗಿದ ಮೇಲೆ ರಸ್ತೆ ಮಾಡಿ' ಅಂತ ಒಂದು ಸಾಲು ಬರೆಯಿರಿ. ಅದರ ಪ್ರತಿಯನ್ನು ನೀರಿನವರಿಗೂ ಕೊಡಿ.

ವಾರ್ಡ್ ಸಮಿತಿಗೆ ಖಂಡಿತ ಅರ್ಜಿ ಹಾಕಿ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರಿನಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಅದು ಹೇಳುತ್ತದೆ. ನಮ್ಮ ಅವಳಿ ನಗರದ ಜನಸಂಖ್ಯೆ 2011ರ ಗಣತಿಯಲ್ಲೇ ಒಂಬತ್ತು ಲಕ್ಷ ದಾಟಿತ್ತು. ಸಮಿತಿಗೆ ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ ಹತ್ತು ಜನ ಸದಸ್ಯರು. ಅದರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು ಇರಬೇಕು. ನಿಮ್ಮ ಓಣಿಯ ಸಂಘ ನೋಂದಣಿ ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ.

ಕಾರ್ಪೊರೇಟರ್ ಮನೆಗೂ ಹೋಗಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಹೋಗುವಾಗ ಬರೆದ ಹಾಳೆ ಕೈಯಲ್ಲಿರಲಿ. ಸುಮ್ನೆ ಬಾಯಿಮಾತಿನಲ್ಲಿ ಹೇಳಿ ಬಂದರೆ, ನಿಮ್ಮ ಹಿಂದೆ ಬಂದವರ ಮಾತು ನೆನಪಿರುತ್ತದೆ, ನಿಮ್ಮದು ಇರುವುದಿಲ್ಲ.

ಒಂದು ಮಾತು ಸೇರಿಸುತ್ತೇನೆ. ಧಾರವಾಡಕ್ಕೆ ಬೇರೆ ಪಾಲಿಕೆ ಬೇಕು ಅಂತ ಇಲ್ಲಿನ ಜನ ವರ್ಷಗಟ್ಟಲೆ ಕೇಳಿದರು. 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಪಟ್ಟು ಬಿಡದೆ ಕೇಳಿದ್ದಕ್ಕೇ ಅದು ಆಯಿತು ಅಂತ ನಾನು ನಂಬಿದ್ದೇನೆ.

ಗದಗದಿಂದ, ಕಿರಾಣಿ ಅಂಗಡಿಯವರು:

ನಮ್ಮದು ಗದಗ-ಬೆಟಗೇರಿ ನಗರಸಭೆ, 35 ವಾರ್ಡು. ಜನಸಂಖ್ಯೆ ಮೂರು ಲಕ್ಷಕ್ಕಿಂತ ಕಡಿಮೆ, ಹಾಗಾಗಿ ವಾರ್ಡ್ ಸಮಿತಿ ಕಡ್ಡಾಯ ಅಲ್ಲ. ನಮ್ಮಂಥ ಊರಿನವರಿಗೆ ಸದಸ್ಯರು, ಪೌರಾಯುಕ್ತರು, ಬಜೆಟ್ ಸಭೆ, ಇಷ್ಟೇ ದಾರಿ.

ನಮ್ಮಲ್ಲಿ ದೊಡ್ಡ ಚಿಂತೆ ನೀರಿನದು. ನದಿ ನೀರು ದೂರದ ತುಂಗಭದ್ರೆಯಿಂದ ಬರಬೇಕು. ನಳ ಬರುವ ದಿನ ತಪ್ಪಿದರೆ ಮನೆಯವರೆಲ್ಲ ಕೊಡ ಹಿಡಿದು ಕೂರಬೇಕು. ಒಂದು ಸಭೆಯಲ್ಲಿ ಎಲ್ಲರೂ 'ನೀರು ಜಾಸ್ತಿ ಬಿಡಿ' ಅಂದರು. ಆಗ ನಮ್ಮ ಓಣಿಯ ಅಜ್ಜಿ ಎದ್ದು ನಿಂತು, "ಜಾಸ್ತಿ ಬ್ಯಾಡ್ರಿ ಸಾಹೇಬ್ರ, ಯಾವತ್ತು ಬಿಡ್ತೀರಿ ಅಂತ ಮೊದಲ ಹೇಳ್ರಿ, ಸಾಕು" ಅಂದರು. ಜಾಸ್ತಿ ನೀರು ಕೊಡುವುದು ಅವರ ಕೈಯಲ್ಲಿ ಇರಲಿಲ್ಲ. ದಿನ ಹೇಳುವುದು ಇತ್ತು. ಈಗ ವಾಲ್‌ಮನ್ ಹಿಂದಿನ ಸಂಜೆ ನನ್ನ ಅಂಗಡಿಗೆ ಫೋನ್ ಮಾಡುತ್ತಾರೆ, ನಾನು ಹಲಗೆಯ ಮೇಲೆ ಬರೆಯುತ್ತೇನೆ. ದುಡ್ಡು ಬೇಡದ ಕೆಲಸ ಯಾವುದಿದೆ ಅಂತ ಮೊದಲು ಯೋಚಿಸಿ. ಅದಕ್ಕೆ ಬಜೆಟ್‌ಗೆ ಕಾಯಬೇಕಾಗಿಲ್ಲ.

ಹಾವೇರಿಯಿಂದ, ಅಂಗನವಾಡಿ ಕಾರ್ಯಕರ್ತೆ:

ಎಲ್ಲ ಒಪ್ಪುತ್ತೇನೆ. ಆದರೆ ಅರವತ್ತು ಮನೆ ಅಂದಿರಲ್ಲ, ಅದರಲ್ಲಿ ಬಾಡಿಗೆಯವರು ಎಷ್ಟು ಮಂದಿ? ಹಿಂದಿನ ಸಾಲಿನ ಶೆಡ್ಡುಗಳಲ್ಲಿ ಇರುವವರನ್ನು ಎಣಿಸಿದ್ದೀರಾ? ಸಭೆ ವಾರದ ದಿನ ಬೆಳಗ್ಗೆ ಹನ್ನೊಂದಕ್ಕೆ ಇಟ್ಟರೆ ಕೂಲಿಗೆ ಹೋಗುವವರು ಹೇಗೆ ಬರಬೇಕು? ನಮ್ಮ ಕಡೆ ಒಂದು ಸಲ ಉದ್ಯಾನಕ್ಕೆ ಕಾರಂಜಿ ಬೇಕು ಅಂತ ಸಭೆ ಒಪ್ಪಿತು. ಅದೇ ಓಣಿಯಲ್ಲಿ ಹೆಣ್ಣುಮಕ್ಕಳು ಕತ್ತಲಲ್ಲಿ ನಡೆದು ಬರುತ್ತಿದ್ದರು, ಮೂರು ಕಂಬದ ದೀಪ ಕೆಟ್ಟಿತ್ತು. ಅದನ್ನು ಹೇಳುವವರು ಆ ಸಭೆಯಲ್ಲಿ ಒಬ್ಬರೂ ಇರಲಿಲ್ಲ. ನನಗೆ ಅದು ಇವತ್ತಿಗೂ ಬೇಜಾರು. ನೀವು ಸಭೆಗೆ ಹೋಗುವ ಮುಂಚೆ ಸಂಜೆ ಏಳರ ಮೇಲೆ ಮನೆಮನೆಗೆ ಹೋಗಿ ಕೇಳಿ. ಗಂಡಸರು ರಸ್ತೆ ಅಂತಾರೆ, ಹೆಣ್ಣುಮಕ್ಕಳು ನಳ, ದೀಪ ಅಂತಾರೆ. ಎರಡನ್ನೂ ಬರೆದುಕೊಳ್ಳಿ.

ಹುಬ್ಬಳ್ಳಿ, ಪ್ರಶ್ನೆ ಕೇಳಿದವರು:

ಎಲ್ಲರಿಗೂ ಮನಸಾರೆ ವಂದನೆ. ಬಾಡಿಗೆಯವರನ್ನು ನಾವು ಎಣಿಸಿರಲಿಲ್ಲ ಅಕ್ಕಾವ್ರೆ. ಅವರೂ ಸೇರಿದರೆ ಎಂಬತ್ತರ ಹತ್ತಿರ ಆಗುತ್ತೆ. ಇನ್ನೊಂದು ಕೇಳುತ್ತೇನೆ. ನಮ್ಮ ವಾರ್ಡಿನ ಈ ವರ್ಷದ ಕೆಲಸದ ಪಟ್ಟಿ ನೋಡುವುದು ಹೇಗೆ?

ಧಾರವಾಡದಿಂದ, ನಿವೃತ್ತ ಎಂಜಿನಿಯರ್:

ಮೊದಲು ವಲಯ ಕಚೇರಿಯಲ್ಲಿ ಬಾಯಿಮಾತಿನಲ್ಲಿ ಕೇಳಿ, ಎಷ್ಟೋ ಸಲ ಕೊಡುತ್ತಾರೆ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ, ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. 'ನಮ್ಮ ವಾರ್ಡಿನ ಕ್ರಿಯಾ ಯೋಜನೆಯ ಪ್ರತಿ ಕೊಡಿ' ಅಂತ ಬರೆದರೆ ಸಾಕು. 'ಯಾಕೆ ಮಾಡಿಲ್ಲ' ಅಂತ ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ಕಾಗದ ಕೇಳಿ, ಕಾಗದ ಬರುತ್ತದೆ.

ಹುಬ್ಬಳ್ಳಿ, ಉಣಕಲ್ ಕಡೆಯ ಗೃಹಿಣಿ:

ಅಣ್ಣಾವ್ರೆ, ಎಂಜಿನಿಯರ್ ಬರುವ ದಿನ ಓಣಿಯವರು ನಾಲ್ಕು ಜನರಾದರೂ ಮನೆಯಲ್ಲಿರಿ. ಟೇಪಿನ ಇನ್ನೊಂದು ತುದಿ ಹಿಡಿಯಲು ಯಾರಾದರೂ ಬೇಕಾಗುತ್ತದೆ. ನಮ್ಮಲ್ಲಿ ಅದನ್ನು ಹಿಡಿದವಳು ಆ ಪಿಯುಸಿ ಹುಡುಗಿ. ಈಗ ಅವಳು ಸಿವಿಲ್ ಡಿಪ್ಲೊಮಾ ಓದುತ್ತಿದ್ದಾಳೆ.