ಅಪ್‌ಡೇಟ್: ಪಾಸ್ಟರ್ ಜೊತೆ ನಮ್ಮ ನಾಯಿ ಕಡಲಿಗೆ ಹೋಗಿ ಬಂತು

ಹೋದ ವಾರ ಕೇಳಿದ್ದೆ: ಪ್ರಸಂಗಕ್ಕೆಂದು ಬಂದು ನಮ್ಮಲ್ಲೇ ಉಳಿದುಕೊಳ್ಳುವ ಪಾಸ್ಟರ್, ಭಾನುವಾರ ಆರಾಧನೆ ಮುಗಿಸಿ ಕಡಲ ತೀರಕ್ಕೆ ಹೋಗೋಣ, ನಾಯಿಯೂ ಬರಲಿ ಅಂತಿದ್ದಾರೆ, ಒಂಬತ್ತು ವರ್ಷದ, ಸಮುದ್ರವನ್ನೇ ಕಾಣದ ನಾಯಿಯನ್ನು ಕರೆದೊಯ್ಯಬಹುದಾ ಅಂತ. ಹೋಗಿ ಬಂದೆವು.

ನೀವು ಹೇಳಿದಂತೆ ಬಿಸಿಲು ಇಳಿಯುವವರೆಗೆ ಕಾದು, ಮರಳಿನ ಮೇಲೆ ಕೈಯ ಹಿಂಬದಿ ಒತ್ತಿ ನೋಡಿದೆ. ಸುಡಲಿಲ್ಲ. ಹಗ್ಗ ಮಾತ್ರ ಬಿಚ್ಚಲಿಲ್ಲ.

ಮೊದಲ ಅಲೆಯ ನೊರೆ ಪಾದಕ್ಕೆ ತಾಗಿದ್ದೇ ತಡ, ಬಾಲ ಮುದುರಿಕೊಂಡು ಪಾಸ್ಟರ್ ಕಾಲ ಹಿಂದೆ ಅವಿತುಕೊಂಡಿತು. ಅವರು ಎಳೆಯಲಿಲ್ಲ, ಪುಸಲಾಯಿಸಲೂ ಇಲ್ಲ. ಪ್ಯಾಂಟು ಮಡಚಿ ಒದ್ದೆ ಮರಳಲ್ಲೇ ಕೂತುಬಿಟ್ಟರು. ಸ್ವಲ್ಪ ಹೊತ್ತಿಗೆ ಅದು ಅವರ ತೊಡೆಗೆ ಒರಗಿ, ಅಲೆ ಬಂದಾಗಲೆಲ್ಲ ಕಿವಿ ನಿಮಿರಿಸಿ ನೋಡತೊಡಗಿತು. ಅವರ ಸ್ವಂತ ನಾಯಿ ಹೋದ ವರ್ಷ ತೀರಿಕೊಂಡಿತ್ತಂತೆ, ಅಲ್ಲೇ ಹೇಳಿದರು. ನನಗೆ ಮಾತೇ ಹೊರಡಲಿಲ್ಲ.

ಒಂದು ತಪ್ಪಾಯಿತು. ನಾವು ಮಾತಲ್ಲಿದ್ದಾಗ ಅದು ನಾಲ್ಕು ಗುಟುಕು ಉಪ್ಪುನೀರು ಕುಡಿಯಿತು. ಉಪ್ಪು ಮೈಯ ನೀರನ್ನು ಕರುಳಿಗೆ ಎಳೆಯುತ್ತದೆ. ಜಾಸ್ತಿ ಕುಡಿದರೆ ಫಿಟ್ಸ್ ಬರುವಷ್ಟು ಅಪಾಯ. ತಕ್ಷಣ ಹಿಂದಕ್ಕೆ ಕರೆದು, ಒಯ್ದಿದ್ದ ಸಿಹಿನೀರನ್ನು ಸ್ವಲ್ಪಸ್ವಲ್ಪವೇ ಕೊಟ್ಟೆ. ಮಾರನೇ ದಿನ ಒಂದು ಸಲ ಭೇದಿಯಾಯಿತು, ಅಷ್ಟೇ. ಕುಡಿಯುವ ನೀರು ಮರೆಯದೆ ಒಯ್ಯಿರಿ, ಮೊದಲೇ ಕುಡಿಸಿಡಿ.

ಮನೆಗೆ ಬಂದು ಸಿಹಿನೀರಲ್ಲಿ ತೊಳೆದೆವು. ಬೆರಳ ಸಂದಿಯ ಮರಳನ್ನೆಲ್ಲ ಪಾಸ್ಟರೇ ಕೂತು ತೆಗೆದರು, ಕಿವಿಯನ್ನೂ ತಮ್ಮ ಟವೆಲ್‌ನಲ್ಲೇ ಒರೆಸಿದರು. ಆ ರಾತ್ರಿ ನಾಯಿ ಅವರ ಕೋಣೆಯ ಬಾಗಿಲಲ್ಲೇ ಮಲಗಿತ್ತು.